ರೇಷ್ಮೆಗೆ ಮೈಲಿಗೆ ಇಲ್ಲ

ಆ ರೇಷ್ಮೆ ಯಾವ ಅಂಗಡಿಯದೂ ಅಲ್ಲ, ಆಕಾಶದಿಂದ ಬಿದ್ದದ್ದು ಅಂತ ಅರ್ಗಿರೋ ಹೇಳಿದಾಗ ಅನಸೂಯ ತಮಾಷೆ ಅಂದುಕೊಂಡು ನಕ್ಕಳು. ಅರ್ಗಿರೋ ನಗಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಮೊಣಕೈಯಲ್ಲಿ ತಡೆದುಕೊಂಡು, ಬಲೆ ಎಳೆಯುವವಳ ಹಾಗೆ ಬಿಳಿ ಬಟ್ಟೆಯನ್ನು ಎಳೆದೆಳೆದು ನೆಲಕ್ಕೆ ಹಾಕಿದಳು.

"ಎಷ್ಟು ಬೇಕೋ ಕತ್ತರಿಸಿಕೋ, ಕೋರಿ. ಇದರ ಒಡೆಯ ಕೇಳೋಕೆ ಬರಲ್ಲ."

ಕೋರಿ ಅಂದರೆ ಅವಳ ಭಾಷೆಯಲ್ಲಿ ಮಗಳು. ಅರ್ಗಿರೋ ಕ್ರೀಟ್ ದ್ವೀಪದವಳು, ಗ್ರೀಸಿನ ದಕ್ಷಿಣಕ್ಕೆ ಸಮುದ್ರದ ನಡುವೆ ಇರುವ ನೆಲ. ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದು, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಗಂಡನನ್ನು ಇಲ್ಲೇ ಮಣ್ಣು ಮಾಡಿ, ಅವನು ಬಿಟ್ಟುಹೋದ ಮರದ ಮನೆಯ ಕೆಳ ಅಂತಸ್ತಿನಲ್ಲಿ ಒಬ್ಬಳೇ ಇದ್ದಳು. ಮೇಲಿನ ಅಂತಸ್ತು ಬದರೀನಾಥ, ಅನಸೂಯರಿಗೆ ಬಾಡಿಗೆಗೆ. ಬದರೀನಾಥ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದ. ಆಷಾಢ ಬಹುಳ ಪಂಚಮಿ ಅವನ ಅಪ್ಪನ ತಿಥಿ. ತಿಥಿಗೆ ಉಡುವುದಕ್ಕೆಂದು ಮೈಸೂರಿನಿಂದ ತಂದ ರೇಷ್ಮೆಯ ಮಗುಟವನ್ನು ಅನಸೂಯ ತಿಳಿಯದೆ ಲಾಂಡ್ರಿ ಮಷೀನಿಗೆ ಹಾಕಿದ್ದಳು; ಅದು ಬಾಳೆನಾರಿನ ಹಾಗೆ ಹೊರಗೆ ಬಂದಿತ್ತು. ಗಂಡನಿಗೆ ಹೇಳುವುದಕ್ಕೆ ಮುಂಚೆ ಮನೆಯೊಡತಿಯ ಹತ್ತಿರ ಅತ್ತಿದ್ದಳು. ಇಬ್ಬರದೂ ಮುರುಕು ಇಂಗ್ಲಿಷು; ಎರಡು ಮುರುಕು ಸೇರಿ ಹೇಗೋ ಒಂದು ಇಡೀ ಮಾತಾಗುತ್ತಿತ್ತು.

"ನಿಜವಾಗಿ ಎಲ್ಲಿಂದ ಬಂತು ಆಂಟಿ?"

ಅರ್ಗಿರೋ ಪೆಟ್ಟಿಗೆಯ ಮೇಲೇ ಕೂತು ಹೇಳಿದಳು.

1941ರ ಮೇ ತಿಂಗಳು. ಅರ್ಧ ಯೂರೋಪನ್ನು ನುಂಗಿದ್ದ ಜರ್ಮನ್ ಸೈನ್ಯಕ್ಕೆ ಆ ದ್ವೀಪವೂ ಬೇಕಾಗಿತ್ತು. ಅರ್ಗಿರೋ ಬೆಳಿಗ್ಗೆ ದ್ರಾಕ್ಷಿತೋಟದಲ್ಲಿದ್ದಳು. ಮೊದಲು ಬಾಂಬು ಬಿತ್ತು; ಅದು ಹೊಸದಲ್ಲ, ಎಷ್ಟೋ ದಿನದಿಂದ ಬೀಳುತ್ತಲೇ ಇತ್ತು. ಆಮೇಲೆ ವಿಮಾನಗಳು ಮರದ ತುದಿ ಸವರುವಷ್ಟು ತಗ್ಗಿನಲ್ಲಿ ಬಂದವು. ಅವುಗಳ ಹೊಟ್ಟೆ ಬಿರಿದು ಮನುಷ್ಯರು ಉದುರಿದರು. ಆಕಾಶದ ತುಂಬ ಬಿಳಿ ಛತ್ರಿ. "ಒಂದು ಕ್ಷಣ ಚೆಂದ ಅನ್ನಿಸಿತು," ಅಂದಳು ಅರ್ಗಿರೋ. "ಅದಕ್ಕೆ ನನಗೆ ಇವತ್ತಿಗೂ ಸಿಟ್ಟು."

ಊರಿನ ಗಂಡಸರಲ್ಲಿ ಬಹಳ ಮಂದಿ ಬೇರೆ ಕಡೆ ಯುದ್ಧಕ್ಕೆ ಹೋಗಿ ಇನ್ನೂ ವಾಪಸು ಬಂದಿರಲಿಲ್ಲ. ಇದ್ದವರು ಮುದುಕರು, ಹೆಂಗಸರು, ಪಾದ್ರಿ. ಪಾದ್ರಿ ಗಂಟೆ ಹೊಡೆದು, ಹಗ್ಗ ಬಿಟ್ಟು, ಕೊಡಲಿ ಹಿಡಿದ. ಯಾರೂ ಯಾರನ್ನೂ ಏನು ಮಾಡೋಣ ಅಂತ ಕೇಳಲಿಲ್ಲ. ಇಳಿದವರು ಹಗ್ಗ ಬಿಡಿಸಿಕೊಳ್ಳುವುದಕ್ಕೆ ಮುಂಚೆ ಜನ ಅವರ ಮೇಲೆ ಬಿದ್ದರು. ಕಲ್ಲು, ಗುದ್ದಲಿ, ಅಡುಗೆಮನೆಯ ಚಾಕು. ಒಬ್ಬ ಮುದುಕ ಊರುಗೋಲಿನಿಂದಲೇ ಒಬ್ಬನ ತಲೆ ಜಜ್ಜಿದ. ಮಿದುಳು ಸುಲಿದ ಹಲಸಿನ ತೊಳೆಯ ಹಾಗೆ ಆಚೆ ಬಂತು. ಅನಸೂಯಳಿಗೆ ಗೊತ್ತಾಗಲಿ ಅಂತ ಅರ್ಗಿರೋ ಬೇರೆ ಯಾವುದೋ ಹಣ್ಣು ಹೇಳಿದ್ದಳು, ಹಲಸು ಅನಸೂಯಳ ತಲೆಯಲ್ಲಿ ಬಂದದ್ದು.

ಅರ್ಗಿರೋಗೆ ಸಿಕ್ಕವನು ಆಲಿವ್ ಮರಕ್ಕೆ ತಗುಲಿಕೊಂಡು ಬಾವಲಿಯ ಹಾಗೆ ತೂಗುತ್ತಿದ್ದ. ಕಾಲಿಗೂ ನೆಲಕ್ಕೂ ಒಂದು ಮೊಳ. ಅವನ ಕೈ ಸೊಂಟದ ಪಿಸ್ತೂಲಿಗೆ ಹೋಗುತ್ತಿತ್ತು. ಅವಳು ಬಳ್ಳಿ ಸವರುವ ಕುಡುಗೋಲನ್ನು ಅವನ ಗಂಟಲಿಗೆ ಸಿಕ್ಕಿಸಿ, ಒಣಗಿದ ಬಳ್ಳಿ ಎಳೆದ ಹಾಗೆ ಎಳೆದಳು.

"ಬಿಸಿ ಇತ್ತು," ಅಂದಳು. "ಮೇಕೆ ಹಾಲು ಕರೆಯುವಾಗ ಕೈಗೆ ಆಗುತ್ತಲ್ಲ, ಅಷ್ಟು ಬಿಸಿ."

ಅಷ್ಟಾದರೂ ದ್ವೀಪ ಸೋತಿತು. ಗೆದ್ದವರು ಲಾರಿಯಲ್ಲಿ ಊರಿಗೆ ಬಂದರು. ನಮ್ಮವರನ್ನು ಕೊಂದ ಊರು ಇದು ಅಂತ ಓದಿ ಹೇಳಿ, ಗಂಡಸರನ್ನೆಲ್ಲ ಆಲಿವ್ ತೋಪಿಗೆ ನಡೆಸಿದರು. ಅರ್ಗಿರೋಳ ಅಪ್ಪ ಮತ್ತು ಇಬ್ಬರು ಅಣ್ಣಂದಿರು ಒಂದೇ ಮರದ ಕೆಳಗೆ ಬಿದ್ದರು. ಚಿಕ್ಕಣ್ಣ ತಕ್ಷಣ ಸಾಯಲಿಲ್ಲ. ಒಬ್ಬ ಬಂದು ಕಿವಿಯ ಹಿಂದೆ ಇನ್ನೊಂದು ಗುಂಡು ಹೊಡೆದು, ಬೂಟಿನ ಮಣ್ಣನ್ನು ಅವನ ಅಂಗಿಗೇ ಒರೆಸಿಕೊಂಡ. ಹೆಣಗಳಿಗೆ ಸುತ್ತುವುದಕ್ಕೆ ಊರಿನಲ್ಲಿ ಬಟ್ಟೆ ಸಾಲಲಿಲ್ಲ. ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದ ಛತ್ರಿಗಳ ರೇಷ್ಮೆ ತೆಗೆದು, ಕೊಂದವರ ಬಟ್ಟೆಯಲ್ಲೇ ಸತ್ತವರನ್ನು ಸುತ್ತಿ ಹೂತರು. ಮಿಕ್ಕದ್ದು ಇದು.

ಅನಸೂಯ ಆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಬಂದಳು. ಗಂಡನಿಗೆ ಮಗುಟದ ಗತಿಯನ್ನೂ ರೇಷ್ಮೆಯ ಕತೆಯನ್ನೂ ಒಟ್ಟಿಗೇ ಹೇಳಿದಳು. ಬದರೀನಾಥ ಬಟ್ಟೆಯ ಅಂಚು ಮುಟ್ಟಿ ನೋಡಿದ.

"ರೇಷ್ಮೆಗೆ ಮೈಲಿಗೆ ಇಲ್ಲ ಕಣೇ. ಹುಳ ಬೇಯಿಸಿ ತೆಗೆಯೋವಾಗ್ಲೇ ಅಂಟದ್ದು, ಆಮೇಲೆ ಏನು ಅಂಟುತ್ತೆ? ಒಂದ್ಸಲ ನೀರಲ್ಲಿ ಹಿಂಡಿಬಿಡು."

ಅದು ಗುರುವಾರ. ಭಾನುವಾರ ಊರು ಹೊತ್ತಿಕೊಂಡಿತು.

1967ರ ಆ ಜುಲೈ ಭಾನುವಾರ ನಸುಕಿನಲ್ಲಿ ಕಪ್ಪು ಜನ ಸೇರುವ ಒಂದು ಕುಡಿಯುವ ಜಾಗಕ್ಕೆ ಪೊಲೀಸರು ನುಗ್ಗಿದರು. ಅಲ್ಲಿಂದ ಶುರು ಅಂತ ರೇಡಿಯೋ ಹೇಳಿತು. ಶುರು ಅಲ್ಲಿಂದಲ್ಲ. ತಲೆಮಾರುಗಟ್ಟಲೆ ಬೂಟಿನ ಕೆಳಗಿದ್ದ ಕುತ್ತಿಗೆ ಒಂದು ಬೆಳಿಗ್ಗೆ ಹೊರಳಿತು, ಅಷ್ಟೆ. ಅಂಗಡಿ ಉರಿದವು, ಬೀದಿಗೆ ಬೀದಿ ಉರಿದವು. ಆಷಾಢದ ಗಾಳಿಯಲ್ಲಿ ಮಸಿ ಹಾರಿ ಬಂದು ಅನಸೂಯ ಕಿಟಕಿಯಲ್ಲಿಟ್ಟಿದ್ದ ಮೊಸರಿನ ಬಟ್ಟಲಿಗೆ ಬಿತ್ತು.

"ಅದು ಅವರವರ ಜಗಳ," ಅಂದ ಬದರೀನಾಥ. "ನಾವು ಇಂಡಿಯನ್ಸ್. ನಮ್ಮನ್ನ ಯಾರೂ ಏನೂ ಮಾಡಲ್ಲ."

ಮಂಗಳವಾರ ಗಲಭೆ ಅಡಗಿಸಲು ಸರ್ಕಾರ ಕಳಿಸಿದ, ವಿಮಾನದಿಂದ ಛತ್ರಿಯಲ್ಲಿ ಧುಮುಕುವ ಪಡೆಯ ಪ್ಯಾರಾಟ್ರೂಪರ್‌ಗಳು ಬಂದರು. ಪೂರ್ವದ ಕಡೆಯ ಹೈಸ್ಕೂಲಿನ ಮೈದಾನದಲ್ಲಿ ಡೇರೆ ಎದ್ದವು. ಅರ್ಗಿರೋ ಜಗಲಿಯಲ್ಲಿ ನಿಂತು ಲಾರಿಗಳನ್ನು ನೋಡಿದಳು. ಒಳಗಿದ್ದವರಲ್ಲಿ ಬಿಳಿಯರೂ ಇದ್ದರು, ಕಪ್ಪು ಹುಡುಗರೂ ಇದ್ದರು, ವಿಯೆಟ್ನಾಮಿನಲ್ಲಿ ಕಾದಾಡಿ ಬಂದವರೂ ಇದ್ದರಂತೆ. ಅರ್ಗಿರೋ ಮುಖ ನೋಡಲಿಲ್ಲ, ಎದೆ ನೋಡಿದಳು. ಅಲ್ಲಿ ಬಿಚ್ಚಿದ ಛತ್ರಿಯ ಎರಡು ಬದಿಗೂ ರೆಕ್ಕೆ ಇರುವ ಬಿಲ್ಲೆ.

ಬೇಸ್‌ಮೆಂಟಿಗೆ ಇಳಿದು ಹೋಗಿ ಕುಡುಗೋಲು ತಂದಳು. ಸಿಮೆಂಟು ಮೆಟ್ಟಿಲಿಗೆ ಉಗುಳು ಹಾಕಿ ಮಸೆಯುತ್ತ ಕೂತಳು.

"ಆಂಟಿ, ಇವರು ಅವರಲ್ಲ," ಅಂದಳು ಅನಸೂಯ. "ಇವರು ಜರ್ಮನರ ಮೇಲೆ ಯುದ್ಧ ಮಾಡಿದವರು."

"ಗೊತ್ತು."

"ಮತ್ತೆ?"

"ನನ್ನ ಮೆಟ್ಟಿಲು ಹತ್ತದಿದ್ದರೆ ಒಳ್ಳೆಯವರು. ಹತ್ತಿದರೆ ಗಂಟಲು ಎಲ್ಲರಿಗೂ ಒಂದೇ ಜಾಗದಲ್ಲಿ ಇರುತ್ತೆ."

ಬೀದಿಯಲ್ಲಿ ಸಿಪಾಯಿಗಳೂ ಪೊಲೀಸರೂ ಮನೆಮನೆಗೆ ನುಗ್ಗಿ ಬಂದೂಕು ಹುಡುಕುತ್ತಿದ್ದರು. ಆಂಟಿ ಒಬ್ಬನಿಗೆ ಕೈ ಎತ್ತಿದರೆ ಸಾಕು, ಈ ಮನೆಯಲ್ಲಿ ಒಬ್ಬರೂ ಉಳಿಯುವುದಿಲ್ಲ. ಅರ್ಗಿರೋ ದೇವರ ಪಟದ ಮುಂದೆ ದೀಪ ಹಚ್ಚುವುದಕ್ಕೆ ಒಳಗೆ ಹೋದಾಗ ಅನಸೂಯ ಕುಡುಗೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ತಂದು, ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಇನ್ನು ಪರವಾಗಿಲ್ಲ ಅಂದುಕೊಂಡಳು.

ಸಾಯಂಕಾಲ ಬದರೀನಾಥ ಮಡಿ ಬಟ್ಟೆ ಒಣಹಾಕಲು ಸಿದ್ಧನಾದ. ಮಡಿ ಅಂದರೆ ಯಾರ ಮೈಯೂ ಸೋಕಬಾರದು. ಎತ್ತರದಲ್ಲಿ ಹರವಬೇಕು, ಬೆಳಿಗ್ಗೆ ಮಿಂದು ಒದ್ದೆಯಲ್ಲೇ ಬಂದು ಕೋಲಿನಿಂದ ಇಳಿಸಿಕೊಂಡು ಉಡಬೇಕು. ಹಿತ್ತಲ ಕಡೆಯ ಮೇಲಿನ ಜಗಲಿಯಲ್ಲಿ ಸೂರಿಗೆ ತಂತಿ ಕಟ್ಟಿದ್ದ. ಮಡಿಕೋಲು ಇಲ್ಲಿ ಎಲ್ಲಿ ಸಿಗಬೇಕು? ಬೀದಿ ಕಡೆಯ ಕಿಟಕಿಯ ಪರದೆ ಬಿಚ್ಚಿ, ಹಿತ್ತಾಳೆ ಬಣ್ಣದ ಆ ಉದ್ದನೆಯ ಸರಳನ್ನೇ ತೆಗೆದುಕೊಂಡು ರೇಷ್ಮೆ ಹರವಿದ.

ಅರ್ಗಿರೋ ಹಿತ್ತಲಿನಿಂದ ತಲೆ ಎತ್ತಿ ಕೂಗಿದಳು. "ಬಿಳಿ ಬಟ್ಟೆ ಒಳಗೆ ತಗೋ. ನಮ್ಮಲ್ಲಿ ಮೇಲೆ ಬಿಳಿ ಹಾಸಿದರೆ ವಿಮಾನಕ್ಕೆ ಗುರುತು. ಸಿಪಾಯಿಗಳು ಬಿಳಿ ಬಟ್ಟೆ ಓದುತ್ತಾರೆ."

"ಇದು ದೇವರ ಕೆಲಸದ್ದು ಆಂಟಿ," ಅಂದ ಬದರೀನಾಥ. ಅನಸೂಯಳ ಕಡೆ ತಿರುಗಿ, "ಪಾಪ, ಅವಳಿಗೆ ಇನ್ನೂ ಆ ಯುದ್ಧವೇ," ಅಂದ.

ಫೋನು ಬಂತು. ಶಿಕಾಗೋ ಆಚೆಯ ವೆಸ್ಟ್‌ಮಂಟಿನಿಂದ ಪಂಚಾಕ್ಷರಿ, ಧಾರವಾಡದವನು, ಬದರೀನಾಥನ ಜೊತೆ ಓದಿದವನು. ಅವನ ದನಿ ಫೋನಿನಿಂದ ಆಚೆಗೂ ಕೇಳುತ್ತಿತ್ತು.

"ಕಾರ್ ತಗೊಂಡು ಈಗ ಹೊಂಡ್ರಿ ಅಂದ್ರ ಹೊಂಡ್ರಿ. ತಿಥಿ ಮುಂದಿನ ವರ್ಷಾನೂ ಬರತೈತಿ."

"ಪಂಚಮಿ ನಾಳೆ ಮಾರಾಯ. ಪಂಚಾಂಗಕ್ಕೆ ಕರ್ಫ್ಯೂ ಇಲ್ಲ."

"ಮಡಿ ಉಟ್ಟವ್ಗ ಗುಂಡು ತಾಕಂಗಿಲ್ಲ ಅಂತ ಯಾವ ಶಾಸ್ತ್ರದಾಗ ಬರದಾರ? ಪುಟ ನಂಬರ್ ಹೇಳ್ರಿ, ನಾನೂ ಉಟಗೋತೀನಿ."

ಬದರೀನಾಥ ನಗುತ್ತ ಫೋನಿಟ್ಟ. ಇಡುವುದಕ್ಕೂ ಬೀದಿಯಲ್ಲಿ ಗಲಾಟೆ ಏಳುವುದಕ್ಕೂ ಸರಿಹೋಯಿತು. ಅನಸೂಯ ಪರದೆಯಿಲ್ಲದ ಕಿಟಕಿಗೆ ಬಂದಳು. ಪಕ್ಕದ ಮನೆಯ ಕಪ್ಪು ಹೆಂಗಸು ಲೂಸಿಲ್‌ಳ ಮಗ ಕ್ಲಾರೆನ್ಸ್ ತನ್ನ ಮನೆಯ ಜಗಲಿ ಮೆಟ್ಟಿಲ ಮೇಲೆಯೇ ಎರಡು ಕೈಯನ್ನೂ ಮೇಲೆತ್ತಿ ನಿಂತಿದ್ದ. ಸಮವಸ್ತ್ರದವರು ನಾಲ್ಕೈದು ಜನ. ಒಬ್ಬ ಬಂದೂಕಿನ ಹಿಡಿಯಿಂದ ಅವನ ಬಾಯಿಗೆ ಹೊಡೆದ. ಕ್ಲಾರೆನ್ಸ್ ಬಗ್ಗಿ, ಹಲ್ಲು ಉಗುಳಿ, ಮತ್ತೆ ಕೈ ಎತ್ತಿದ. ಮತ್ತೆ ಹೊಡೆದರು. ಬಿದ್ದಮೇಲೆ ಪಕ್ಕೆಗೆ ಒದ್ದರು, ಒದೆಯುವ ಕಾಲಿಗೆ ಬೇಜಾರು ಬರುವವರೆಗೆ. ಜಗಲಿಯ ಮೇಲಿದ್ದ ಲೂಸಿಲ್‌ಳನ್ನು ಒಬ್ಬ ಗೋಡೆಗೆ ಒತ್ತಿ ಹಿಡಿದಿದ್ದ. ಅವಳು ಸುತ್ತಲಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ರೀ, ಕೆಳಗೆ ಹೋಗಿ ಏನಾದ್ರೂ ಹೇಳಿ."

"ಏನಂತ ಹೇಳ್ಲಿ? ವೀಸಾ ಕಿತ್ಕೊಂಡು ಕಳಿಸ್ತಾರೆ. ಈ ಕಡೆ ಬಾ." ಬದರೀನಾಥ ಪರದೆಯನ್ನು ಎತ್ತಿಕೊಂಡ. ಸರಳು ಜಗಲಿಯಲ್ಲಿತ್ತು. ನಕ್ಷೆಯ ಮೇಜಿನಿಂದ ಡ್ರಾಯಿಂಗ್ ಪಿನ್ನು ತಂದು, ಪರದೆಯ ಅಂಚನ್ನು ಕಿಟಕಿಯ ಚೌಕಟ್ಟಿಗೆ ಒಂದೊಂದಾಗಿ ಚುಚ್ಚಿದ. ಅವನ ಕೈ ನಕ್ಷೆಯ ಕಾಗದಕ್ಕೆ ಚುಚ್ಚುವಷ್ಟೇ ನೀಟಾಗಿ ಕೆಲಸ ಮಾಡಿತು. ಅನಸೂಯ ಒಂದು ಹೆಜ್ಜೆ ಹಿಂದೆ ಸರಿದಳು. ಪರದೆಯ ಆಚೆ ಒದೆತ ಮಾತ್ರ ಕೇಳುತ್ತಿತ್ತು.

ಬುಧವಾರ ಬೆಳಕು ಹರಿಯುವ ಹೊತ್ತು. ಬದರೀನಾಥ ತಣ್ಣೀರಲ್ಲಿ ಮಿಂದ. ಒದ್ದೆ ಪಂಚೆ ಸುತ್ತಿಕೊಂಡು, ಬರಿಮೈಯಲ್ಲಿ, ತೊಟ್ಟಿಕ್ಕುತ್ತ, ಹಿತ್ತಲ ಜಗಲಿಗೆ ನಡೆದ. ಅನಸೂಯ ಅಡುಗೆಮನೆಯಲ್ಲಿ ಉದ್ದು ರುಬ್ಬುತ್ತಿದ್ದಳು. ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. ಅವನು ಸರಳನ್ನು ಎತ್ತಿ ರೇಷ್ಮೆಯ ಕೆಳಗೆ ತೂರಿಸಿದ. ಹಿತ್ತಲ ಓಣಿಯಲ್ಲಿ ಒಂದು ಜೀಪು ಗಕ್ಕನೆ ನಿಂತಿತು.

ಕಂದು ಮೈ, ಕೈಯಲ್ಲಿ ಹೊಳೆಯುವ ಕೊಳವೆ, ತಲೆಯ ಮೇಲೆ ಬಿಳಿ ಬಟ್ಟೆ. ಓಣಿಯಲ್ಲಿದ್ದವರಿಗೆ ಅಷ್ಟು ಸಾಕಾಯಿತು.

ಮೊದಲ ಗುಂಡಿಗೆ ಸರಳು ಹಿಡಿದ ಬಲಗೈ ಒಡೆಯಿತು. ಒಡೆಯಿತು ಅಂದರೆ ತೆಂಗಿನಕಾಯಿ ಒಡೆದ ಹಾಗೆ, ಬಿಳಿ ಕಾಣುವ ಹಾಗೆ. ಎರಡನೆಯದು ಭುಜದ ಮಾಂಸ ಕಿತ್ತಿತು. ಆಮೇಲೆ ಎಣಿಕೆ ಇಲ್ಲ. ಮರದ ಗೋಡೆ ಚೂರುಚೂರಾಗಿ ಹಾರಿತು, ಎಣ್ಣೆಯ ಶೀಶೆ ಒಡೆಯಿತು, ಉದ್ದಿನ ಹಿಟ್ಟು ಗೋಡೆಗೆ ಎರಚಿಕೊಂಡಿತು. ಅನಸೂಯ ಒಲೆಯ ಪಕ್ಕಕ್ಕೆ ಮಗುಚಿ ಬಿದ್ದಳು. ಸರಳು ಜಗಲಿಯ ಹಲಗೆಯ ಮೇಲೆ ಠಣಠಣ ಉರುಳುವುದು ಕೇಳಿಸಿತು. ಗಂಡ ಕೂಗುವುದು ಕೇಳಿಸಿತು. ಅದು ಮಾತಲ್ಲ, ಕನ್ನಡವೂ ಅಲ್ಲ.

ಹಿಂದಿನ ಮೆಟ್ಟಿಲು ಹತ್ತಿ ಒಬ್ಬ ಬಂದ. ಹೆಲ್ಮೆಟ್ಟಿನ ಕೆಳಗೆ ಮೊಡವೆ ಮುಖ, ಎದೆಯ ಮೇಲೆ ಛತ್ರಿಗೆ ರೆಕ್ಕೆ. "ಬಿಡು, ಬಂದೂಕು ಬಿಡು," ಅಂತ ಕಿರುಚುತ್ತಲೇ ಬಂದು, ಬಿಡುವುದಕ್ಕೆ ಕೈಯೇ ಇಲ್ಲದವನ ಮುಂಗೈಯನ್ನು ಬೂಟಿನಿಂದ ಹಲಗೆಗೆ ತುಳಿದು ಹಿಡಿದ. ಬದರೀನಾಥನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು.

ಅನಸೂಯಳ ಕೈ ಅಕ್ಕಿ ಡಬ್ಬದ ಹಿಂದೆ ಹೋಯಿತು.

ಆ ಕೈ ಒಂದು ಜಿರಲೆಯನ್ನೂ ಕಾಗದದಲ್ಲಿ ಹಿಡಿದು ಹೊರಗೆ ಬಿಡುತ್ತಿದ್ದ ಕೈ. ಈಗ ಅದು ಅವಳ ಮಾತು ಕೇಳುತ್ತಿರಲಿಲ್ಲ, ಅವಳೂ ಏನೂ ಹೇಳುತ್ತಿರಲಿಲ್ಲ. ಹುಡುಗ ಬೆನ್ನು ಮಾಡಿ ಬಗ್ಗಿದ್ದ. ಹೆಲ್ಮೆಟ್ಟಿಗೂ ಕಾಲರಿಗೂ ನಡುವೆ ಬಿಸಿಲಿಗೆ ಕೆಂಪಾದ ಕುತ್ತಿಗೆ. ಅನಸೂಯ ಬರಿಗಾಲಲ್ಲಿ ಬಾಗಿಲು ದಾಟಿ, ಕುಡುಗೋಲನ್ನು ತಲೆಯ ಮೇಲೆತ್ತಿದಳು.

ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದರು.

ಅರ್ಗಿರೋ ಒಳಗಿನ ಮೆಟ್ಟಿಲು ಹತ್ತಿ ಬಂದಿದ್ದಳು. ಅನಸೂಯ ಕೊಸರಿದಳು. ಅರ್ಗಿರೋ ಇನ್ನೊಂದು ಕೈಯಿಂದ ಕುಡುಗೋಲಿನ ಅಲುಗನ್ನೇ ಹಿಡಿದಳು. ತಾನೇ ಮಸೆದ ಅಲುಗು ಅವಳ ಅಂಗೈಗೆ ಇಳಿಯಿತು, ರಕ್ತ ಮೊಣಕೈವರೆಗೆ ಹರಿಯಿತು, ಬಿಡಲಿಲ್ಲ. ಇಬ್ಬರೂ ಉಸಿರು ಕಟ್ಟಿ, ಸದ್ದಿಲ್ಲದೆ ಗುದ್ದಾಡಿದರು. ಸಿಪಾಯಿ ತಿರುಗುವಷ್ಟರಲ್ಲಿ ಅರ್ಗಿರೋ ಕುಡುಗೋಲನ್ನು ಅನಸೂಯಳ ಸೀರೆಯ ಮಡಿಕೆಗೆ ತುರುಕಿ, ಅವಳನ್ನು ಎದೆಗೆ ಅವುಚಿಕೊಂಡಿದ್ದಳು. ಅವನಿಗೆ ಕಂಡದ್ದು ಅಪ್ಪಿಕೊಂಡು ನಡುಗುತ್ತಿರುವ ಇಬ್ಬರು ಹೆಂಗಸರು.

"ಒಳಗೆ ಇನ್ನ್ಯಾರಿದ್ದಾರೆ?"

"ಸಾಯುತ್ತಿರುವವನು ಒಬ್ಬ, ನಾವಿಬ್ಬರು," ಅಂದಳು ಅರ್ಗಿರೋ. "ಕಾಲು ತೆಗಿ."

ಅವನು ತೆಗೆದ. ಸರಳನ್ನು ನೋಡಿದ. ಅದರ ತುದಿಯಲ್ಲಿ ಪರದೆಯ ಎರಡು ಬಳೆ ಇನ್ನೂ ಸಿಕ್ಕಿಕೊಂಡಿದ್ದವು. ಅವನ ಬಂದೂಕಿನ ತುದಿ ಕೆಳಗಿಳಿಯಿತು. ಅದು ಅನಸೂಯಳಿಗೆ ಕಂಡಿತು, ಕಂಡು ಸಿಟ್ಟು ಇನ್ನೂ ಹೆಚ್ಚಿತು.

ಅರ್ಗಿರೋ ತಂತಿಯಿಂದ ರೇಷ್ಮೆಯನ್ನು ಕೈಯಲ್ಲೇ ಸೆಳೆದು, ಹಲ್ಲಿನಿಂದ ಸೀಳಿ, ಬದರೀನಾಥನ ತೋಳಿಗೆ ಬಿಗಿದಳು. ಸಿಪಾಯಿ ತಾನೂ ಮಂಡಿಯೂರಿ ಒಂದು ತುದಿ ಹಿಡಿದುಕೊಂಡ. ಹಿಡಿದವನು ಹೊಲಿಗೆಯನ್ನು ಬೆರಳಲ್ಲಿ ಸವರಿ ಸವರಿ ನೋಡಿದ. ಆ ಹೊಲಿಗೆ ಅವನಿಗೆ ಗೊತ್ತಿತ್ತು. ಅಂಥದೇ ಹೊಲಿಗೆಯನ್ನು ನಂಬಿ ಅವನು ಎಷ್ಟೋ ಸಲ ಕೆಳಗೆ ಧುಮುಕಿದ್ದ.

"ಇದು ನಿಮಗೆ ಎಲ್ಲಿ ಸಿಕ್ಕಿತು?"

"ನಿನ್ನ ವಯಸ್ಸಿನ ಹುಡುಗ ಒಬ್ಬ ಬಿಟ್ಟುಹೋದ," ಅಂದಳು ಅರ್ಗಿರೋ. "ನಮ್ಮ ಮರದಲ್ಲಿ."

ಅವನು ಎದ್ದು ಹಿಂದೆ ಸರಿದ. ಆಂಬುಲೆನ್ಸ್ ಕರೆಯುತ್ತೇನೆ ಅಂದ. ಸರಳನ್ನು ಸಾಕ್ಷಿ ಅಂತ ಎತ್ತಿಕೊಂಡು ಇಳಿದುಹೋದ. ಆಂಬುಲೆನ್ಸ್ ಬರಲಿಲ್ಲ.

ಬಂದದ್ದು ಲೂಸಿಲ್. ಕಾರಿನ ಕೀ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದಳು, ಕಣ್ಣು ಊದಿತ್ತು. ಕ್ಲಾರೆನ್ಸ್‌ನನ್ನು ರಾತ್ರಿಯೇ ಎಳೆದುಕೊಂಡು ಹೋಗಿದ್ದರು, ಎಲ್ಲಿಗೆ ಅಂತ ಹೇಳಿರಲಿಲ್ಲ. ಮನೆಯ ಕಾರು ಓಡಿಸಲು ಬರುತ್ತಿದ್ದದ್ದು ಬದರೀನಾಥನೊಬ್ಬನಿಗೆ; ಮೂವರೂ ಸೇರಿ ಅವನನ್ನು ಲೂಸಿಲ್ ಕಾರಿನ ಹಿಂದಿನ ಸೀಟಿಗೆ ತುಂಬಿದರು.

"ನಿನ್ನೆ ನಿನ್ನ ಗಂಡನ ಕೈ ನೋಡಿದೆ," ಅಂದಳು ಲೂಸಿಲ್, ಕಾರು ಸ್ಟಾರ್ಟ್ ಮಾಡುತ್ತ. "ಇದೇ ಕೈ. ಪಿನ್ನು ಚುಚ್ಚುತ್ತಿತ್ತು."

ಅನಸೂಯ ಗಂಡನ ತೋಳಿನ ಕಟ್ಟನ್ನು ಒತ್ತಿ ಹಿಡಿದಳು.

"ಕಿಟಕಿ ಇಳಿಸಿ ಆ ಬಿಳಿ ಬಟ್ಟೆ ಹೊರಗೆ ಹಿಡಿ. ಇಲ್ಲದಿದ್ದರೆ ನಮಗೂ ಹೊಡೆಯುತ್ತಾರೆ."

ಅನಸೂಯ ಉಳಿದ ರೇಷ್ಮೆಯನ್ನು ಕಿಟಕಿಯಿಂದ ಹೊರಗೆ ಹಿಡಿದಳು. ಅದು ಗಾಳಿಗೆ ತುಂಬಿಕೊಂಡು ಅವಳ ತೋಳನ್ನು ಕಿತ್ತುಕೊಳ್ಳುವ ಹಾಗೆ ಎಳೆಯಿತು. ಉರಿದ ಬೀದಿಗಳ ನಡುವೆ ಅವರು ಆಸ್ಪತ್ರೆಗೆ ಹೋದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ನೆಲದ ಮೇಲೂ ಜನ. ಗುಂಡು ತಿಂದವರು, ಸುಟ್ಟವರು, ಮಂಚಕ್ಕೆ ಬೇಡಿ ಹಾಕಿಸಿಕೊಂಡವರು. ಬದರೀನಾಥನ ಬಲಗೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಬೇಕು ಅಂತ ಡಾಕ್ಟರು ಹೇಳಿಹೋದರು. ಅನಸೂಯ ಬೆಂಚಿನ ಮೇಲೆ ಕೂತು ತನ್ನ ಎರಡು ಕೈಯನ್ನೂ ನೋಡಿಕೊಂಡಳು.

"ಯಾಕೆ ಹಿಡಿದಿರಿ?" ಅಂದಳು. "ನೀವು ಕಡಿದಿರಲ್ಲ. ನನ್ನನ್ನ ಯಾಕೆ ಹಿಡಿದಿರಿ?"

ಅರ್ಗಿರೋ ಹೊಲಿಗೆ ಹಾಕಿಸಿಕೊಂಡ ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಕಡಿದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ಕೋರಿ. ಆಗಲೂ ಇಲ್ಲ, ಈಗಲೂ ಇಲ್ಲ. ಆದರೆ ಅವತ್ತು ಪಾದ್ರಿ ಗಂಟೆ ಹೊಡೆದಿದ್ದ. ಪ್ರತಿ ಬಾಗಿಲೂ ತೆರೆದಿತ್ತು. ಸಾಯೋದಾದರೆ ಊರು ಒಟ್ಟಿಗೆ ಸಾಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ನಿನ್ನ ಹಿಂದೆ ಯಾರಿದ್ದರು? ನಿನ್ನೆ ಆ ಹುಡುಗನ ಬಾಯಿ ಒಡೆಯುವಾಗ ಬೀದಿಯ ಕಿಟಕಿಗಳೆಲ್ಲ ಮುಚ್ಚಿದವು. ನನ್ನದೂ." ಅಂಗೈಯನ್ನು ಮಗುಚಿಟ್ಟು ಅಂದಳು, "ಮುಚ್ಚಿದ ಬೀದಿಯಲ್ಲಿ ಒಬ್ಬಳು ಕುಡುಗೋಲು ಎತ್ತಿದರೆ ಅವರಿಗೆ ಕೆಲಸ ಸುಲಭ."

ಮರುದಿನದ ಪೇಪರಿನಲ್ಲಿ ಪೂರ್ವ ಭಾಗದ ಮನೆಯೊಂದರ ಮಹಡಿಯಲ್ಲಿ ಅಡಗಿ ಗುರಿಯಿಡುತ್ತಿದ್ದವನೊಬ್ಬ ಗಾಯಗೊಂಡ ಅಂತ ಒಂದು ಸಾಲು ಬಂತು. ಹೆಸರಿಲ್ಲ. ಹೊಡೆದವರು ಯಾವ ತುಕಡಿ ಅಂತಲೂ ಇಲ್ಲ. ಪಂಚಾಕ್ಷರಿ ವೆಸ್ಟ್‌ಮಂಟಿನಿಂದ ಕಾರೋಡಿಸಿಕೊಂಡು ಬಂದು, ಗೆಳೆಯನ ಮೊಂಡುಗೈಯ ಬ್ಯಾಂಡೇಜು ನೋಡಿ, ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ. ಬದರೀನಾಥನಿಗೆ ಎಚ್ಚರ ಬಂದಾಗ ಮೊದಲು ಕೇಳಿದ್ದು, "ತಿಥಿ?"

"ಆಗ್ಲಿಲ್ಲ," ಅಂದಳು ಅನಸೂಯ.

"ನಾವು ಇಂಡಿಯನ್ಸ್ ಅಂತ ಹೇಳಿದ್ಯಾ ಅವರಿಗೆ?"

ಅವಳು ಅವನ ಹಣೆಯ ಮೇಲೆ ಕೈಯಿಟ್ಟಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬೀದಿ ಕಡೆಯ ಕಿಟಕಿಗೆ ಹೋದಳು. ಪಿನ್ನುಗಳನ್ನು ಉಗುರಿನಿಂದ ಕಿತ್ತಳು. ಒಂದು ಉಗುರಿನ ಸಂದಿಗೆ ಚುಚ್ಚಿ ರಕ್ತ ಬಂತು, ಒರೆಸಿಕೊಳ್ಳಲಿಲ್ಲ. ಪರದೆ ಬಿತ್ತು. ಮತ್ತೆ ಕಟ್ಟುವುದಕ್ಕೆ ಸರಳೂ ಇರಲಿಲ್ಲ. ಕೆಳಗೆ ಪಕ್ಕದಲ್ಲಿ ಲೂಸಿಲ್‌ಳ ಜಗಲಿ. ಮೆಟ್ಟಿಲ ಹಲಗೆಯ ಮೇಲೆ ಒಣಗಿದ ಮಗನ ರಕ್ತದ ಕಲೆಯನ್ನು ಅವಳು ಬ್ರಷ್ಷಿನಲ್ಲಿ ಉಜ್ಜುತ್ತಿದ್ದಳು.

ಅನಸೂಯ ಕೆಳಗಿಳಿದು, ಬೇಲಿ ಸುತ್ತಿ, ಆ ಜಗಲಿಯ ಮೆಟ್ಟಿಲ ಹತ್ತಿರ ನಿಂತಳು. ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಹೇಳಿದಳು.

"ಪಿನ್ನು ಚುಚ್ಚೋಕೆ ಮುಂಚೆ ನಾನು ನೋಡಿದೆ. ಕ್ಲಾರೆನ್ಸ್ ಎರಡು ಕೈಯನ್ನೂ ಮೇಲೆತ್ತಿದ್ದ. ಮೊದಲ ಏಟು ಬಿದ್ದಮೇಲೂ ಎತ್ತಿದ. ಕೋರ್ಟಿಗೆ ಕರೆದ ದಿನ ಬಂದು ಹೇಳುತ್ತೇನೆ."

ಲೂಸಿಲ್ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಿಮ್ಮನ್ನ ದೇಶದಿಂದ ಓಡಿಸುತ್ತಾರೆ," ಅಂದಳು.

"ಓಡಿಸಲಿ."

ಲೂಸಿಲ್ ತಲೆ ಎತ್ತಿ ಅವಳನ್ನು ನೋಡಿದಳು, ಆಮೇಲೆ ಅವಳ ಹಿಂದೆ ಬಿಚ್ಚಿಕೊಂಡಿದ್ದ ಕಿಟಕಿಯನ್ನು ನೋಡಿದಳು. ಬಕೆಟ್ಟಿನಲ್ಲಿದ್ದ ಇನ್ನೊಂದು ಬ್ರಷ್ಷನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. ಅನಸೂಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಹಲಗೆಯನ್ನು ಉಜ್ಜತೊಡಗಿದಳು.